ರೋಗಿಯನ್ನು ಎತ್ತುವ ಮುನ್ನ

ವಾರ್ಡ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲು ಹೇಳಬೇಕಾದ ಮಾತು ಇದು: ರೋಗಿಯನ್ನು ಮಂಚದಿಂದ ಇಳಿಸುವುದು, ಕೂರಿಸುವುದು, ಮಗ್ಗುಲಾಗಿಸುವುದು ತೋಳಬಲದ ಕೆಲಸವಲ್ಲ. 'ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ' ಎಂದು ಕಲಿಸಿರುತ್ತಾರೆ. ಅದು ಸರಿಯೇ. ಆದರೆ ಅಷ್ಟನ್ನೇ ಕಲಿಸಿದರೆ ನರ್ಸ್‌ಗಳ ಬೆನ್ನುನೋವು ತಗ್ಗುವುದಿಲ್ಲವೆಂದು ಹಲವು ದೇಶಗಳ ಆಸ್ಪತ್ರೆಗಳು ಕಂಡುಕೊಂಡಿವೆ. ಅಕ್ಕಿಮೂಟೆ ಹೊತ್ತವನ ಹೆಗಲ ಮೇಲೆ ಮೂಟೆ ಮಿಸುಕಾಡುವುದಿಲ್ಲ. ರೋಗಿ ಹಾಗಲ್ಲ, ಹೆದರಿದರೆ ನಿಮ್ಮ ಕತ್ತನ್ನೇ ಬಿಗಿಹಿಡಿಯುತ್ತಾರೆ, ತಲೆ ಸುತ್ತಿದರೆ ಕುಸಿಯುತ್ತಾರೆ.

ಅಮೆರಿಕದ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಒಂದು ಮಿತಿ ಸೂಚಿಸಿದರು. ಎಲ್ಲ ಅನುಕೂಲವಿದ್ದಾಗಲೂ ಒಬ್ಬರು ಕೈಯಿಂದ ಹೊರಬಹುದಾದ ರೋಗಿಯ ಭಾರ 35 ಪೌಂಡ್, ಅಂದರೆ ಸುಮಾರು 16 ಕೆ.ಜಿ. 70 ಕೆ.ಜಿ. ತೂಗುವವರ ಒಂದು ಕಾಲೇ ಸುಮಾರು 11 ಕೆ.ಜಿ. ಇರುತ್ತದೆ. ಇಬ್ಬರು ಸೇರಿ ಪೂರ್ತಿ ರೋಗಿಯನ್ನು ಎತ್ತಬಹುದೇ ಎಂಬ ಲೆಕ್ಕ ನೀವೇ ಹಾಕಿಕೊಳ್ಳಿ.

ಕೈಯಿಂದ ಭಾರ ಎತ್ತುವ ಕೆಲಸದ ಕುರಿತ ಬ್ರಿಟನ್‌ನ 1992ರ ನಿಯಮ ಏನು ಮಾಡಬೇಕೆಂದು ಕ್ರಮವಾಗಿ ಹೇಳುತ್ತದೆ. ಅಪಾಯಕರವಾಗಿ ಎತ್ತುವುದನ್ನು ಸಾಧ್ಯವಾದಷ್ಟೂ ತಪ್ಪಿಸಿ. ತಪ್ಪಿಸಲಾಗದಿದ್ದರೆ ಅಪಾಯವನ್ನು ಅಂದಾಜು ಮಾಡಿ. ಆಮೇಲೆ ಅದನ್ನು ತಗ್ಗಿಸಿ. ರೋಗಿಗಳನ್ನು ಎತ್ತುವ ಯಂತ್ರವನ್ನೂ ಅದರ ಜೋಲಿಯನ್ನೂ ಅಲ್ಲಿ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ತಜ್ಞರು ಪರೀಕ್ಷಿಸಬೇಕು. ಸಲಕರಣೆ, ಜನ, ತರಬೇತಿ ಒದಗಿಸುವುದು ಆಡಳಿತದ ಹೊಣೆ. ಕೊಟ್ಟದ್ದನ್ನು ಬಳಸುವುದು, ಕೆಟ್ಟಿದ್ದರೆ ತಿಳಿಸುವುದು ಸಿಬ್ಬಂದಿಯ ಹೊಣೆ. ಯಂತ್ರವನ್ನು ಸ್ಟೋರ್ ರೂಮಿನಲ್ಲಿ ಬೀಗ ಹಾಕಿಟ್ಟು 'ಹುಷಾರಾಗಿ ಎತ್ತಿ' ಎನ್ನುವ ಆಡಳಿತ ತನ್ನ ಪಾಲಿನ ಕೆಲಸ ಮಾಡಿದಂತಲ್ಲ. ಕ್ಯಾಲಿಫೋರ್ನಿಯಾದ 2011ರ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಸುರಕ್ಷತೆಯ ಕಾರಣಕ್ಕೆ ರೋಗಿಯನ್ನು ಎತ್ತಲು ಒಪ್ಪದ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಜರುಗಿಸುವಂತಿಲ್ಲ.

ಈಗ ಕೆಲಸಕ್ಕೆ ಬರೋಣ. ಲಕ್ವ ಹೊಡೆದು ಬಲಗಡೆ ಸ್ವಾಧೀನ ಕಡಿಮೆಯಾದ ಅಜ್ಜಿಯೊಬ್ಬರನ್ನು ವೀಲ್‌ಚೇರಿಗೆ ಕೂರಿಸಬೇಕು ಎಂದುಕೊಳ್ಳಿ. ಮೊದಲು ಫೈಲ್ ನೋಡಿ, ಅಜ್ಜಿಯನ್ನೇ ಕೇಳಿ: ಕೂರಲು ಆಗುತ್ತದೆಯೇ, ಎಡಗಾಲಿನ ಮೇಲೆ ಭಾರ ಹಾಕಬಲ್ಲರೇ, ಹೇಳಿದ್ದು ಅರ್ಥವಾಗುತ್ತಿದೆಯೇ? ನಿಲ್ಲಲು ಆಗದವರಿಗೆ ಯಂತ್ರವೇ ಗತಿ. ನಿಲ್ಲಬಲ್ಲವರಾದರೆ ಕುರ್ಚಿಯನ್ನು ಎಡಗಡೆಗೆ, ಅಂದರೆ ಗಟ್ಟಿಯಿರುವ ಮಗ್ಗುಲಿಗೆ, ಸ್ವಲ್ಪ ಓರೆಯಾಗಿ ತಂದಿಡಿ. ಮಂಚಕ್ಕೂ ಕುರ್ಚಿಗೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿಗಳನ್ನು ಮೇಲಕ್ಕೆ ಮಡಚಿ. ಯೂರಿನ್ ಬ್ಯಾಗ್, ಡ್ರಿಪ್ ನಳಿಕೆ ಎಲ್ಲಿವೆ ನೋಡಿಕೊಳ್ಳಿ. ಅವಸರದಲ್ಲಿ ಕಿತ್ತುಬರುವುದು ಇವೇ. ಅಜ್ಜಿಯನ್ನು ಮಂಚದಂಚಿಗೆ ಕೂರಿಸಿ ಸ್ವಲ್ಪ ಹೊತ್ತು ಬಿಡಿ. ಎದ್ದ ಕೂಡಲೇ ಬಿ.ಪಿ. ಇಳಿದು ಕಣ್ಣು ಕತ್ತಲಾಗಬಹುದು.

ಕಂಕುಳಿಗೆ ಕೈ ಹಾಕಿ ಎಳೆಯುವುದು ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಅಭ್ಯಾಸ. ಅದನ್ನು ಇವತ್ತೇ ಬಿಡಿ. ಸ್ವಾಧೀನ ತಪ್ಪಿದ ತೋಳಿನ ಭುಜದ ಕೀಲು ಸಡಿಲವಾಗಿರುತ್ತದೆ. ಎಳೆದರೆ ಅದು ಜಾರಿ ತಿಂಗಳುಗಟ್ಟಲೆ ನೋಯುತ್ತದೆ. ಮೇಲಕ್ಕೆ ಸರಿಸುವಾಗ ಹಾಸಿಗೆಯ ಮೇಲೆ ಎಳೆದಾಡುವುದೂ ಅಷ್ಟೇ ಕೆಟ್ಟದ್ದು, ಬೆನ್ನಿನ ತೆಳು ಚರ್ಮ ಕಿತ್ತುಬರುತ್ತದೆ. ನುಣುಪಾದ ಸ್ಲೈಡ್ ಶೀಟ್ ಇರುವುದು ಇದಕ್ಕೇ.

ಮನೆಯವರು 'ನಾನೂ ಹಿಡ್ಕೋತೀನಿ ಸಿಸ್ಟರ್' ಎಂದು ಓಡಿಬರುತ್ತಾರೆ. ಅವರ ಕಾಳಜಿ ದೊಡ್ಡದು, ಆದರೆ ತರಬೇತಿಯಿಲ್ಲದ ಕೈ ಬೇರೆ ದಿಕ್ಕಿಗೆ ಎಳೆಯುತ್ತದೆ. 'ಅಣ್ಣಾ, ನೀವು ಎದುರಿಗೆ ನಿಂತು ಅಜ್ಜಿಯನ್ನು ಮಾತಾಡಿಸ್ತಾ ಇರಿ' ಎನ್ನಿ. ಎಲ್ಲರೂ ಒಟ್ಟಿಗೆ ಎತ್ತಲು 'ಒಂದು, ಎರಡು, ಮೂರು' ಎಂದು ಎಣಿಕೆ ಕೊಡುವವರೂ ಒಬ್ಬರೇ ಇರಲಿ.

ಇಷ್ಟಾದರೂ ರೋಗಿ ಜಾರಿದರೆ, ಹಿಡಿದು ನಿಲ್ಲಿಸಲು ಹೋಗಬೇಡಿ. ತಲೆಗೆ ಪೆಟ್ಟಾಗದಂತೆ ಮೆಲ್ಲಗೆ ನೆಲಕ್ಕಿಳಿಸಿ, ಸಹಾಯಕ್ಕೆ ಕೂಗಿ. ಪೆಟ್ಟಾಗಿದೆಯೇ ಎಂದು ನೋಡುವವರೆಗೆ ಎತ್ತಬೇಡಿ. ಏನಾಯಿತೆಂಬುದನ್ನು ಅದೇ ಪಾಳಿಯಲ್ಲಿ ಬರೆದಿಡಿ. ಬ್ರೇಕ್ ಕೆಟ್ಟಿತ್ತೇ, ಜನ ಕಡಿಮೆಯಿದ್ದರೇ ಎಂಬುದೂ ಅದರಲ್ಲಿರಲಿ.