ಎದೆನೋವು

ಎದೆಯಲ್ಲಿ ನೋವು ಕಾಣಿಸಿಕೊಂಡೊಡನೆ ಮನುಷ್ಯನ ಮನಸ್ಸು ಹೃದಯದ ಕಡೆಗೆ ಓಡುವುದು ಸಹಜ. ಆದರೆ ಎದೆಗೂಡು ಹೃದಯವೊಂದರದೇ ಮನೆಯಲ್ಲ. 12 ಜೊತೆ ಪಕ್ಕೆಲುಬುಗಳೂ ಅವುಗಳ ನಡುವಣ ಸ್ನಾಯುಗಳೂ ಆವರಿಸಿರುವ ಈ ಗೂಡಿನಲ್ಲಿ ಶ್ವಾಸಕೋಶಗಳಿವೆ, ಅನ್ನನಾಳವಿದೆ. ಇವುಗಳಲ್ಲಿ ಯಾವುದಕ್ಕೆ ತೊಂದರೆಯಾದರೂ ನೋವು ತಲೆದೋರುವುದು ಎದೆಯಲ್ಲಿಯೇ.

ಇಪ್ಪತ್ತು ಇಪ್ಪತ್ತೈದರ ಪ್ರಾಯದವರಲ್ಲಿ ಎದೆನೋವಿಗೆ ಹೃದಯವು ಕಾರಣವಾಗುವುದು ವಿರಳ. ಭಾರವಾದ ಮೂಟೆಯನ್ನು ಎತ್ತಿದಾಗ ಅಥವಾ ಬಹುದಿನ ಕೆಮ್ಮಿದಾಗ ಪಕ್ಕೆಯ ಸ್ನಾಯುಗಳು ಉಳುಕುತ್ತವೆ. ಪಕ್ಕೆಲುಬುಗಳನ್ನು ಎದೆಯ ನಡುವಣ ಎಲುಬಿಗೆ ಸೇರಿಸುವ ಮೃದ್ವಸ್ಥಿಯಲ್ಲಿ ಉರಿಯೂತವುಂಟಾಗುವುದೂ ಉಂಟು. ಇಂತಹ ನೋವು ಸಾಮಾನ್ಯವಾಗಿ ಬೆರಳಿನಿಂದ ಒತ್ತಿದಾಗ, ಮೈ ಹೊರಳಿಸಿದಾಗ ಹೆಚ್ಚುತ್ತದೆ.

ಜಠರದ ಆಮ್ಲವು ಅನ್ನನಾಳಕ್ಕೆ ಏರಿದರೆ ಎದೆಯ ನಡುವೆ ಉರಿ ಹುಟ್ಟುತ್ತದೆ; ಹುಳಿತೇಗು ಬರುತ್ತದೆ. ಉಂಡೊಡನೆ ಮಲಗಿದರೆ ಇದು ಹೆಚ್ಚುತ್ತದೆ. ಪರೀಕ್ಷೆಯ ಭಯವೋ ಉದ್ಯೋಗದ ಚಿಂತೆಯೋ ಮಿತಿಮೀರಿದಾಗ ಉಸಿರು ವೇಗಗೊಂಡು, ಎದೆ ಬಿಗಿದು, ಬೆರಳುಗಳು ಜುಮುಗುಟ್ಟಬಹುದು. ಇದು ನಟನೆಯಲ್ಲ, ಅನುಭವಿಸುವವನಿಗೆ ಅದು ನಿಜವಾದ ನೋವೇ.

ಜ್ವರ ಮತ್ತು ಕೆಮ್ಮಿನೊಡನೆ, ಉಸಿರೆಳೆದಾಗಲೆಲ್ಲ ಚುಚ್ಚುವ ನೋವಿದ್ದರೆ ನ್ಯುಮೋನಿಯವನ್ನು ಶಂಕಿಸಬೇಕಾಗುತ್ತದೆ. ಎತ್ತರವಾದ, ತೆಳುಮೈಯ ತರುಣರಲ್ಲಿ, ಅದರಲ್ಲಿಯೂ ಧೂಮಪಾನಿಗಳಲ್ಲಿ, ಕೆಲವೊಮ್ಮೆ ಶ್ವಾಸಕೋಶದಿಂದ ಗಾಳಿ ಸೋರಿ ಅದು ಕುಗ್ಗಿಬಿಡುತ್ತದೆ. ಆಗ ಒಂದು ಪಕ್ಕದಲ್ಲಿ ಹಠಾತ್ತನೆ ನೋವು ಹುಟ್ಟಿ ಏದುಸಿರು ಬರುತ್ತದೆ.

ವಿರಳವೆಂದ ಮಾತ್ರಕ್ಕೆ ಹೃದಯವನ್ನು ಮರೆಯಲಾಗದು. ಹೃದಯದ ಹೊರಪೊರೆಯ ಉರಿಯೂತದಲ್ಲಿ ಮಲಗಿದಾಗ ನೋವು ಹೆಚ್ಚಿ, ಮುಂದಕ್ಕೆ ಬಾಗಿ ಕುಳಿತಾಗ ತಗ್ಗುತ್ತದೆ. ಹೃದಯದ ಸ್ನಾಯು ವಂಶಪಾರಂಪರ್ಯವಾಗಿ ದಪ್ಪಗಾಗಿರುವವರು ಓಡುವಾಗ ಎದೆನೋವಿನಿಂದ ಬಳಲಬಹುದು, ಎಚ್ಚರ ತಪ್ಪಿ ಬೀಳಬಹುದು. ತಂಬಾಕಿನ ಚಟ ಮತ್ತು ಮಧುಮೇಹಗಳು ಎಳೆಯ ವಯಸ್ಸಿನಲ್ಲಿಯೂ ಹೃದಯಾಘಾತಕ್ಕೆ ದಾರಿಮಾಡಬಲ್ಲವು.

ಹೊರಗಿನಿಂದ ಕಾಣದ ಎದೆಯೊಳಗನ್ನು ಅರಿಯಲು ವೈದ್ಯರು ಬಹುಕಾಲ ಶ್ರಮಿಸಿದ್ದಾರೆ. 1816ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕಿವಿಗೊಟ್ಟನು. ಸ್ಟೆತೊಸ್ಕೋಪಿನ ಮೂಲ ಅದೇ. ಹೃದಯದ ವಿದ್ಯುತ್ ಸ್ಪಂದನವನ್ನು ಗೆರೆಗಳಾಗಿ ಮೂಡಿಸುವ ವಿದ್ಯೆಗಾಗಿ ನೆದರ್ಲೆಂಡ್ಸಿನ ವಿಲ್ಲೆಂ ಐಂಥೋವನ್ 1924ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಇಂದು ಇ.ಸಿ.ಜಿ. ಎಂದು ಕರೆಯುವ ಈ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಇಷ್ಟನ್ನು ಓದಿದವನು ತನ್ನ ನೋವಿಗೆ ತಾನೇ ಹೆಸರಿಡಲು ಹೊರಡಬಾರದು. ಒಂದೇ ಬಗೆಯ ನೋವಿಗೆ ಬೇರೆ ಬೇರೆ ಕಾರಣಗಳಿರಬಹುದಾದ್ದರಿಂದ ನಿರ್ಣಯವನ್ನು ವೈದ್ಯರಿಗೆ ಬಿಡಬೇಕು. ಎದೆಯನ್ನು ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ, ತಣ್ಣನೆಯ ಬೆವರು ಬಂದರೆ, ಉಸಿರಾಟ ಕಷ್ಟವಾದರೆ, ಎಚ್ಚರ ತಪ್ಪಿದರೆ ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ವಾಯುವಿರಬಹುದೆಂದು ಸೋಡ ಕುಡಿಸಿ ಮಲಗಿಸುವುದು ತರವಲ್ಲ. ಪರೀಕ್ಷೆಯಾದ ಮೇಲೆ ಅದು ವಾಯುವೇ ಎಂದು ತಿಳಿದರೆ ನಷ್ಟವೇನೂ ಇಲ್ಲ. ಪರೀಕ್ಷಿಸದೆ ಕಳೆದ ಒಂದು ಗಂಟೆಯನ್ನು ಮಾತ್ರ ಯಾರೂ ಮರಳಿ ಕೊಡಲಾರರು.