ಅರೆಬೆಂದ ಆಟಕ್ಕೆ ಪೂರ್ತಿ ಬೆಲೆ

ಮಂಗಳೂರಿನ ಉರ್ವ ಮಾರ್ಕೆಟಿನಲ್ಲಿ ಬಂಗುಡೆ ಕೊಳ್ಳುವವರು ಕಿವಿರು ಎತ್ತಿ ನೋಡದೆ ದುಡ್ಡು ಕೊಡುವುದಿಲ್ಲ. ಡಿಜಿಟಲ್ ಸ್ಟೋರಿನಲ್ಲಿ ವಿಡಿಯೊ ಗೇಮ್ ಕೊಳ್ಳುವವರಿಗೆ ಎತ್ತಿ ನೋಡಲು ಕಿವಿರೇ ಇಲ್ಲ. ಒಂದು ಟ್ರೇಲರ್, ನಾಲ್ಕು ಚಿತ್ರ, ‘ಒಪ್ಪುತ್ತೇನೆ’ ಎಂಬ ಗುಂಡಿ, ಅಷ್ಟೆ. ಹಣ ಕಟ್ಟಿ, ಗಂಟೆಗಟ್ಟಲೆ ಡೌನ್‌ಲೋಡ್ ಮಾಡಿಕೊಂಡ ಮೇಲೆ ಸರಕಿನ ಗುಣ ತಿಳಿಯುತ್ತದೆ. ಇಂಥ ವ್ಯಾಪಾರಕ್ಕೆ ಕಂಪನಿಯ ಷರತ್ತುಗಳೇ ಕಾನೂನು, ನಮ್ಮ ಗ್ರಾಹಕ ಕಾಯ್ದೆ ಅಲ್ಲಿಗೆ ಮುಟ್ಟದು ಎಂಬ ನಂಬಿಕೆ ಆಡುವ ಮಕ್ಕಳಲ್ಲೂ ಬಿಲ್ ಕಟ್ಟುವ ಹೆತ್ತವರಲ್ಲೂ ಇದೆ. ಅದು ತಪ್ಪು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾರಿಗೆ ಬಂದದ್ದು 2020ರ ಜುಲೈ 20ರಂದು. ಮೂರು ದಿನಗಳ ನಂತರ ಬಂದ ಇ-ಕಾಮರ್ಸ್ ನಿಯಮಗಳು ‘ಡಿಜಿಟಲ್ ಉತ್ಪನ್ನ’ಗಳನ್ನು ಹೆಸರಿಸಿಯೇ ಒಳಗೆ ಸೇರಿಸಿವೆ. ಭಾರತದಲ್ಲಿ ಕಚೇರಿ ಇಲ್ಲದೆ ಇಲ್ಲಿನವರಿಗೆ ವ್ಯವಸ್ಥಿತವಾಗಿ ಮಾರುವ ಕಂಪನಿಗಳೂ ಅವುಗಳ ವ್ಯಾಪ್ತಿಯಲ್ಲಿವೆ. ಹಾಗಾಗಿ ಆಟದ ತಯಾರಿ ಮುಗಿದಿತ್ತೋ ಇಲ್ಲವೋ ಎಂಬುದಕ್ಕಿಂತ, ಹೇಳಿದ್ದನ್ನು ಕೊಟ್ಟರೋ ಇಲ್ಲವೋ ಎಂಬುದೇ ಕಾನೂನಿನ ಮುಂದಿರುವ ಪ್ರಶ್ನೆ.

ಈ ವ್ಯತ್ಯಾಸ ಸಣ್ಣದಲ್ಲ. ‘ಅರ್ಲಿ ಆಕ್ಸೆಸ್’ ಎಂಬ ಹಣೆಪಟ್ಟಿ ಕಟ್ಟಿಕೊಂಡು ಬರುವ ಆಟಗಳಿವೆ: ಇದು ಇನ್ನೂ ತಯಾರಾಗುತ್ತಿದೆ, ಮುಂದೆ ಹೀಗೇ ಇರುತ್ತದೆಂಬ ಭರವಸೆ ಇಲ್ಲ ಎಂದು ಮೊದಲೇ ಹೇಳಿರುತ್ತಾರೆ. ಸಣ್ಣ ತಂಡಗಳಿಗೆ ಈ ಮುಂಗಡ ಹಣವೇ ಬಂಡವಾಳ, ಕಾನೂನು ಬಿಗಿ ಮಾಡಿದರೆ ಅವು ಬದುಕಲಾರವು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅರೆಬೆಂದದ್ದನ್ನು ಮಾರಬೇಡಿ ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಅರೆಬೆಂದದ್ದನ್ನು ಬೆಂದದ್ದೆಂದು ಮಾರಿದರೆ ಅದು ಅನುಚಿತ ವ್ಯಾಪಾರ ಪದ್ಧತಿ. 2020ರ ಡಿಸೆಂಬರ್ 10ರಂದು ಬಿಡುಗಡೆಯಾದ ಸೈಬರ್‌ಪಂಕ್ 2077 ಯಾವ ಹಣೆಪಟ್ಟಿಯೂ ಇಲ್ಲದೆ ಪೂರ್ಣ ಆಟವೆಂದೇ ಬಂತು. ಹಳೆಯ ಕನ್ಸೋಲುಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ, ಒಂದೇ ವಾರದಲ್ಲಿ ಸೋನಿ ಅದನ್ನು ಪ್ಲೇಸ್ಟೇಷನ್ ಸ್ಟೋರಿನಿಂದ ತೆಗೆದು ಹಣ ಮರಳಿಸುವುದಾಗಿ ಪ್ರಕಟಿಸಿತು. ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದೂ ನಮ್ಮ ಕಾಯ್ದೆಯ ಪ್ರಕಾರ ಅನುಚಿತ ಪದ್ಧತಿಯೇ. ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ 30 ದಿನ ಎಂದು ಕಾಯ್ದೆಯೇ ಗೊತ್ತುಮಾಡಿದೆ. ಸ್ಟೀಮ್ ಕೊಡುವ ‘14 ದಿನ, ಎರಡು ಗಂಟೆಗಿಂತ ಕಡಿಮೆ ಆಟ’ ಎಂಬ ಸೌಲಭ್ಯ ಆ ಅಂಗಡಿಯ ನಿಯಮ. ಅದರ ಗಡುವು ಮುಗಿದರೆ ಕಾಯ್ದೆಯ ಹಕ್ಕೂ ಮುಗಿಯಿತೆಂದು ಅರ್ಥವಲ್ಲ.

ಆಟದೊಳಗಿನ ಸಣ್ಣ ಖರೀದಿಗಳ, ಅಂದರೆ ಮೈಕ್ರೋಟ್ರಾನ್ಸಾಕ್ಷನ್‌ಗಳ ವಿಷಯ ಇನ್ನೂ ತೊಡಕಿನದು. ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿತು. ಇಲ್ಲಿನ ಮಾತು ಅದಲ್ಲ. ಬಿಜಿಎಂಐ ಆಟದಲ್ಲಿ ಯೂಸಿ ಎಂಬ ಆಟದ ನಾಣ್ಯ ಕೊಂಡು ಬಂದೂಕಿನ ಬಣ್ಣ ಬದಲಿಸುವಂಥ ಖರ್ಚಿನ ಮಾತು. ಆಟವೇ ಪುಕ್ಕಟೆ, ಪುಕ್ಕಟೆ ಸೇವೆಗೆ ಗ್ರಾಹಕ ಕಾಯ್ದೆ ಇಲ್ಲ ಎಂದು ವಾದಿಸುವವರಿದ್ದಾರೆ. ಒಳಗೆ ಬರುವುದು ಪುಕ್ಕಟೆ ಇರಬಹುದು. ಒಳಗೆ ಕೊಂಡದ್ದು ಪುಕ್ಕಟೆ ಅಲ್ಲ, ಬಿಲ್ ಬಂದಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ ಹದಿಮೂರು ಬಗೆಯ ಕಣ್ಕಟ್ಟುಗಳನ್ನು ಪಟ್ಟಿ ಮಾಡಿದೆ. ‘ಇನ್ನು ಹತ್ತೇ ನಿಮಿಷ’ ಎಂದು ಗಡಿಯಾರ ಓಡಿಸಿ, ನಾಳೆ ಅದೇ ಸಾಮಾನನ್ನು ಅದೇ ಬೆಲೆಗೆ ತೋರಿಸುವುದು ಅದರ ಪ್ರಕಾರ ಸುಳ್ಳು ತುರ್ತು. ರೂಪಾಯಿಯನ್ನು ವಜ್ರ, ನಾಣ್ಯಗಳಾಗಿಸಿ ನಿಜವಾದ ಬೆಲೆಯನ್ನು ಮರೆಸುವ ತಂತ್ರವನ್ನು ಮಾತ್ರ ಅದು ಹೆಸರು ಹಿಡಿದು ಹೇಳಿಲ್ಲ, ಹೇಳಬೇಕಿತ್ತು. ಕೊಂಡವರು ಹದಿನೆಂಟು ತುಂಬದ ಮಕ್ಕಳಾದರೆ ಇನ್ನೊಂದು ನೆಲೆ ಇದೆ. ಅಪ್ರಾಪ್ತರ ಒಪ್ಪಂದ ಮೊದಲಿನಿಂದಲೇ ಶೂನ್ಯ ಎಂದು ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿತ್ತು. ಕಾರ್ಡು ಅಪ್ಪನದು, ಪಾಸ್‌ವರ್ಡ್ ಅಮ್ಮನದು, ಹಾಗಾಗಿ ಖರೀದಿ ಅವರದೇ ಎಂದು ಕಂಪನಿ ಉತ್ತರಿಸುತ್ತದೆ. ಆ ಉತ್ತರ ಹಗುರವೇನಲ್ಲ. ಆದ್ದರಿಂದ ಗೊತ್ತಾದ ದಿನವೇ ಲಿಖಿತವಾಗಿ ತಿಳಿಸಬೇಕು. ಎರಡು ತಿಂಗಳು ಸುಮ್ಮನಿದ್ದು ಆಮೇಲೆ ಕೇಳಿದರೆ ಒಪ್ಪಿಗೆ ಇತ್ತೆಂದೇ ಓದಿಕೊಳ್ಳುತ್ತಾರೆ.

‘ಎಲ್ಲೋ ಇರುವ ಕಂಪನಿಯನ್ನು ಉರ್ವದಲ್ಲಿ ಕೂತು ಏನು ಮಾಡಲಾದೀತು?’ ಎಂಬುದೇ ಜನರನ್ನು ಹೆಚ್ಚು ಕಟ್ಟಿಹಾಕುವ ಮಾತು. ಇದೇ ವಾದವನ್ನು ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಆಸ್ಟ್ರೇಲಿಯದಲ್ಲಿ ಹೂಡಿತ್ತು. ನ್ಯಾಯಾಲಯ ಒಪ್ಪದೆ 2016ರಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ನಮ್ಮ ಕಾಯ್ದೆಯಂತೂ ದೂರುದಾರರು ವಾಸವಿರುವ ಊರಿನಲ್ಲೇ ದೂರು ಕೊಡಬಹುದೆಂದು ನೇರವಾಗಿ ಹೇಳುತ್ತದೆ. ಉರ್ವದವರಿಗೆ ಅದು ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಷರತ್ತಿನಲ್ಲಿ ಮಧ್ಯಸ್ಥಿಕೆಯ ಕಲಮು ಇದ್ದರೂ ಗ್ರಾಹಕ ದೂರಿಗೆ ಅಡ್ಡಿಯಿಲ್ಲ ಎಂದು ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ನಿಲುವು ತಳೆದಿದೆ. ಒಂದು ಎಚ್ಚರ: ಷರತ್ತೇ ‘ಅನ್ಯಾಯದ ಒಪ್ಪಂದ’ ಎಂದು ಪ್ರಶ್ನಿಸಿದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆ. ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಎಂದು ದೂರು ಬರೆದರೆ ಮಂಗಳೂರಿನಲ್ಲೇ ನಡೆಯುತ್ತದೆ. ಇಲ್ಲಿ ಕಚೇರಿಯೇ ಇಲ್ಲದ ಕಂಪನಿಯಿಂದ ಆದೇಶದ ಹಣ ವಸೂಲು ಮಾಡುವುದು ಕಷ್ಟವೆಂಬುದು ನಿಜ. ಅದಕ್ಕೇ ಬಿಲ್ಲಿನಲ್ಲಿ ಹಣ ಪಡೆದವರ ಹೆಸರು ಯಾರದಿದೆ ಎಂದು ನೋಡಿ, ಆಟ ತಯಾರಿಸಿದವರ ಜೊತೆಗೆ ಮಾರಿದ ಸ್ಟೋರನ್ನೂ ಎದುರುದಾರರನ್ನಾಗಿ ಮಾಡಬೇಕು.

ಮೊದಲ ಪತ್ರ ಹೋಗಬೇಕಾದದ್ದು ಸ್ಟೋರಿನ ಕುಂದುಕೊರತೆ ಅಧಿಕಾರಿಗೆ. 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕೆಂದು ಇ-ಕಾಮರ್ಸ್ ನಿಯಮ ಹೇಳುತ್ತದೆ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಷ್ಟೋ ಸಣ್ಣ ಮೊತ್ತದ ತಕರಾರು ಅಲ್ಲೇ ಬಗೆಹರಿಯಬಹುದು. ಅದೂ ಫಲಿಸದಿದ್ದರೆ ಆಯೋಗ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವಿಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಸ್ಟೋರಿನ ಪುಟ ಮುಂದಿನ ವಾರ ಬದಲಾಗಬಹುದು, ಟ್ರೇಲರ್ ಮಾಯವಾಗಬಹುದು. ಆದ್ದರಿಂದ ಕೊಂಡ ದಿನವೇ ಆಟದ ವಿವರಣೆಯ ಸ್ಕ್ರೀನ್‌ಶಾಟ್, ಬಿಲ್ಲಿನ ಇಮೇಲ್, ಬ್ಯಾಂಕಿನ ಸಂದೇಶ, ಆಟ ಕೆಟ್ಟು ನಿಂತ ವಿಡಿಯೊ ಇವನ್ನು ತಾರೀಕಿನೊಂದಿಗೆ ತೆಗೆದಿಟ್ಟುಕೊಳ್ಳಬೇಕು. ದೂರು ಸಲ್ಲಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಅವುಗಳ ಜೊತೆಗಿಟ್ಟರೆ, ‘ಈ ಚಿತ್ರ ನಮ್ಮದಲ್ಲ’ ಎಂದು ಕಂಪನಿ ನುಣುಚಿಕೊಳ್ಳುವುದು ಕಷ್ಟವಾಗುತ್ತದೆ.