ಹರಿಹರಕ್ಕೋ, ಚಿತ್ರದುರ್ಗಕ್ಕೋ? ಹಳೇ ಡೀಸೆಲ್ ಕಾರಿನ ಲೆಕ್ಕ

ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಹೊರಬೀಳುವ ಚೀಲಕ್ಕೆ ತೂಕವಿಲ್ಲ, ಗಾತ್ರ ಮಾತ್ರ ವಿಪರೀತ. ಅಂಥ ಎರಡು ಚೀಲ ತುಂಬಲು ಹೋದರೆ ಸಾಮಾನ್ಯ ಕಾರಿನ ಡಿಕ್ಕಿ ಮುಚ್ಚುವುದಿಲ್ಲ. ವಾರವಿಡೀ ಪಕ್ಕದ ಜಿಲ್ಲೆಗೆ ನೌಕರಿಗೆ ಓಡಾಡಬೇಕು, ಭಾನುವಾರ ಹೊಲಕ್ಕೋ ಸಂತೆಗೋ ಸಾಮಾನು ಸಾಗಿಸಬೇಕು, ಕೈಯಲ್ಲಿರುವುದು ಮೂರು ಲಕ್ಷದ ಆಸುಪಾಸು. ಹೀಗೆ ಹೊರಟವರ ಕಣ್ಣು ಬೀಳುವುದು ಉದ್ದನೆಯ ಡಿಕ್ಕಿಯ ಹಳೇ ಡೀಸೆಲ್ ಕಾರಿನ ಮೇಲೆ. ಆಸೆ ಸರಿಯಾದದ್ದೇ. ಆದರೆ ಕಾರು ನೋಡುವ ಮೊದಲು ಕಿಲೋಮೀಟರ್ ನೋಡಬೇಕು.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಹೋಗಿ ಬಂದರೆ 28. ತಿಂಗಳಿಗೆ 25 ದಿನ ಓಡಿದರೆ 700. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ಎಂದು ಹಿಡಿಯೋಣ. ಪೆಟ್ರೋಲ್ ಕಾರು ಲೀಟರಿಗೆ 15, ಡೀಸೆಲ್ ಕಾರು 20 ಕೊಡುತ್ತದೆ ಎಂದುಕೊಂಡರೆ, ತಿಂಗಳ ಉಳಿತಾಯ 1,600 ರೂಪಾಯಿ ಚಿಲ್ಲರೆ. ಒಂದು ಇಂಜೆಕ್ಟರ್ ಕೈಕೊಟ್ಟರೆ ಇಡೀ ವರ್ಷದ ಉಳಿತಾಯ ಗ್ಯಾರೇಜಿನ ಪಾಲು. ಹರಿಹರದ ತನಕ ಮಾತ್ರ ಓಡುವವರಿಗೆ ಒಳ್ಳೆಯ ಹಳೇ ಪೆಟ್ರೋಲ್ ಕಾರೇ ಸಾಕು. ಬಸ್ಸು, ರೈಲು ಎರಡೂ ಇರುವ ಊರುಗಳಿವು, ಕಾರೇ ಬೇಕೆ ಎಂಬ ಪ್ರಶ್ನೆಯೂ ಇದೆ!

ಚಿತ್ರದುರ್ಗದ ಲೆಕ್ಕ ಬೇರೆ. ಅತ್ತ ಸುಮಾರು 60 ಕಿ.ಮೀ. ದಾವಣಗೆರೆ–ಚಿತ್ರದುರ್ಗ–ತುಮಕೂರು ನೇರ ರೈಲು ಮಾರ್ಗದ ಕಾಮಗಾರಿ ವರ್ಷಗಳಿಂದ ನಡೆದೇ ಇದೆ. ಸದ್ಯಕ್ಕೆ ರೈಲು ಚಿಕ್ಕಜಾಜೂರು ಸುತ್ತಿ ಹೋಗಬೇಕಾದ್ದರಿಂದ ದಿನದ ಓಡಾಟಕ್ಕೆ ರಸ್ತೆಯೇ ಗತಿ. ದಿನಕ್ಕೆ 120 ಕಿ.ಮೀ. ಎಂದರೆ ತಿಂಗಳಿಗೆ 3,000. ಪೆಟ್ರೋಲಿಗೆ 20,600 ರೂಪಾಯಿ, ಡೀಸೆಲ್‌ಗೆ 13,650. ಸುಮಾರು 7,000 ರೂಪಾಯಿಯ ಅಂತರ. ಡೀಸೆಲ್ ಕಾರು ತನ್ನ ಖರ್ಚನ್ನು ತಾನೇ ದುಡಿಯುವುದು ಇಲ್ಲಿ. ಹಾವೇರಿ, ಶಿವಮೊಗ್ಗ, ಹುಬ್ಬಳ್ಳಿಗೆ ಓಡಾಡುವವರಿಗೂ ಇದೇ ಮಾತು. ತಿಂಗಳಿಗೆ 1,500 ಕಿ.ಮೀ. ದಾಟದವರು ಡೀಸೆಲ್ ಆಸೆಯನ್ನು ಇಲ್ಲೇ ಬಿಡುವುದು ಮೇಲು.

ಲೆಕ್ಕಕ್ಕೆ ಟೋಲ್ ಕೂಡ ಸೇರಿಸಬೇಕು. ಚಿತ್ರದುರ್ಗದ ಕಡೆ ಹೆಬ್ಬಾಳು, ರಾಣೆಬೆನ್ನೂರಿನ ಕಡೆ ಚಳಗೇರಿ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಶುರುವಿನ ದರ 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ದಿನಾ ಎರಡು ಸಲ ಗೇಟು ದಾಟುವವರ ಪಾಸು ನಾಲ್ಕೇ ತಿಂಗಳಲ್ಲಿ ಖಾಲಿ. ಆದರೂ ಒಂದು ಸಲಕ್ಕೆ ಸುಮಾರು 15 ರೂಪಾಯಿ ಬೀಳುವುದರಿಂದ ಲಾಭವೇ. ಯೆಲ್ಲೋ ಬೋರ್ಡ್ ಗಾಡಿಗೆ ಈ ಪಾಸ್ ಇಲ್ಲ.

ಯಾವ ಕಾರು?

ವಿದೇಶಗಳಲ್ಲಿ ಇಂಥ ಕೆಲಸಕ್ಕೆಂದೇ ಎಸ್ಟೇಟ್ ಕಾರುಗಳಿವೆ. ಸೆಡಾನ್ ಕಾರಿನ ಛಾವಣಿಯನ್ನು ಹಿಂದಿನ ತನಕ ಎಳೆದು, ಡಿಕ್ಕಿಗೆ ಮೇಲೆತ್ತುವ ಬಾಗಿಲು ಇಟ್ಟ ಗಾಡಿಗಳು. ನಮ್ಮಲ್ಲಿ ಅವು ಬಂದವು, ನಿಲ್ಲಲಿಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಪೂಜೋ ಮೂಲದ ಡೀಸೆಲ್ ಎಂಜಿನ್‌ನೊಂದಿಗೆ. ಮಾರುತಿಯ ಬಲೆನೊ ಆಲ್ಟುರಾ ಪೆಟ್ರೋಲಿನಲ್ಲಷ್ಟೇ ಇತ್ತು. 2004ರಲ್ಲಿ ಬಂದ ಟಾಟಾ ಇಂಡಿಗೋ ಮರೀನಾ ನಿಜವಾದ ಅರ್ಥದಲ್ಲಿ ಅಗ್ಗದ ಡೀಸೆಲ್ ಎಸ್ಟೇಟ್. ಆದರೆ ಉದ್ದ ಡಿಕ್ಕಿಯ ಕಾರನ್ನು ಮನೆ ಮುಂದೆ ನಿಲ್ಲಿಸಿಕೊಳ್ಳಲು ನಮ್ಮವರು ಒಪ್ಪಲಿಲ್ಲ, ಅದು ಸಾಮಾನು ಸಾಗಿಸುವ ಗಾಡಿಯಂತೆ ಕಂಡಿತೇನೋ. ಈಗ ಸಿಗುವ ಮರೀನಾಗಳು ಬಹುತೇಕ 15 ವರ್ಷ ದಾಟಿದವು. ಪ್ರೀತಿಗಾಗಿ ಇಟ್ಟುಕೊಳ್ಳಬಹುದು, ದಿನಾ 120 ಕಿ.ಮೀ. ಓಡಿಸುವುದಕ್ಕಲ್ಲ.

ಎಸ್ಟೇಟ್‌ನ ಜಾಗವನ್ನು ಈಗ ತುಂಬಿರುವುದು ಏಳು ಸೀಟಿನ ಕಾರುಗಳು. ಕೊನೆಯ ಸಾಲಿನ ಸೀಟು ಮಡಚಿದರೆ ಅದೇ ಉದ್ದ ಡಿಕ್ಕಿ. ಇವುಗಳಲ್ಲಿ ಮೊದಲ ಹೆಸರು 2012ರಲ್ಲಿ ಬಂದ ಮಾರುತಿ ಎರ್ಟಿಗಾ ಡೀಸೆಲ್. ಅದರ 1,248 ಸಿ.ಸಿ. ಎಂಜಿನ್ ಫಿಯೆಟ್ ಕಂಪನಿಯದು. ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೋ ಎಲ್ಲದರಲ್ಲೂ ಇದ್ದದ್ದು ಇದೇ ಕುಟುಂಬದ ಎಂಜಿನ್. ಹಾಗಾಗಿ ಬಿಚ್ಚಿ ಜೋಡಿಸಲು ಬಲ್ಲ ಮೆಕ್ಯಾನಿಕ್ ಹರಿಹರದಲ್ಲೂ ಸಿಗುತ್ತಾರೆ, ಹಿರಿಯೂರಿನಲ್ಲೂ ಸಿಗುತ್ತಾರೆ. ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವುದು ಇನ್ನೊಂದು ಅನುಕೂಲ. ಒಂದೇ ತೊಂದರೆ, ಎರ್ಟಿಗಾ ಬೆಲೆ ಬೇಗ ಇಳಿಯುವುದಿಲ್ಲ.

ಹೋಂಡಾ ಮೊಬಿಲಿಯೊ 2014ರಲ್ಲಿ ಬಂದು 2017ಕ್ಕೆ ಹೋಯಿತು. ಮೈಲೇಜ್ ಚೆನ್ನಾಗಿದೆ, ಎಂಜಿನ್ ಸದ್ದು ಜಾಸ್ತಿ. ರೆನೋ ಲಾಡ್ಜಿ ದೂರದ ಪ್ರಯಾಣಕ್ಕೆ ಹಾಯಾದ ಕಾರು, ಆದರೆ ಅದರ 1.5 ಲೀಟರ್ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ. ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಓಡುವಾಗ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿದು ಎಂಜಿನ್ನೇ ಹೋಗುತ್ತದೆ. ಶೆವ್ರೊಲೆ ಎಂಜಾಯ್ ತೀರಾ ಅಗ್ಗಕ್ಕೆ ಸಿಗುತ್ತದೆ. ಕಂಪನಿಯೇ 2017ರಲ್ಲಿ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿದ್ದರಿಂದ ಬಾಡಿ ಭಾಗಗಳಿಗೆ ಅಲೆಯಬೇಕು. ಮೂರನೇ ಸಾಲು ಬೇಡ, ಡಿಕ್ಕಿ ದೊಡ್ಡದಿದ್ದರೆ ಸಾಕು ಎನ್ನುವವರು ಟೊಯೊಟಾ ಇಟಿಯೋಸ್ ಡೀಸೆಲ್ ನೋಡಬಹುದು: 595 ಲೀಟರ್ ಡಿಕ್ಕಿ, 1,364 ಸಿ.ಸಿ.ಯ ಗಟ್ಟಿ ಎಂಜಿನ್. ಮಾರುವವರ ಬಾಯಲ್ಲಿ ಕೇಳಿಬರುವ ಕಿಲೋಮೀಟರನ್ನು ಮಾತ್ರ ನಂಬಬಾರದು, ಏಕೆಂದರೆ ಇಟಿಯೋಸ್‌ಗಳಲ್ಲಿ ಬಹಳಷ್ಟು ಟ್ಯಾಕ್ಸಿಯಾಗಿ ದುಡಿದಂಥವು.

2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರನ್ನೇ ಕೈಬಿಟ್ಟಿತು. ಆದ್ದರಿಂದ ಅಗ್ಗದ ಗಾಡಿ ಎಂದರೆ ಸಾಮಾನ್ಯವಾಗಿ ಬಿಎಸ್ 4. ಬಿಎಸ್ 6 ಡೀಸೆಲ್ ಸಿಕ್ಕರೆ ಅದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಗ್ಯಾರೇಜ್ ಭಾಷೆಯಲ್ಲಿ ಡಿಪಿಎಫ್. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಊರೊಳಗೆ ಎರಡು ಕಿ.ಮೀ., ಮೂರು ಕಿ.ಮೀ. ಓಡಿಸಿದರೆ ಕಟ್ಟಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಸೈಲೆನ್ಸರ್ ಬಾಯಿಗೆ ಬೆರಳು ಒರೆಸುವುದು. ಫಿಲ್ಟರ್ ಸರಿಯಿದ್ದರೆ ಬೆರಳು ಹೆಚ್ಚು ಕಪ್ಪಾಗುವುದಿಲ್ಲ. ಕಾಡಿಗೆಯಂತೆ ಮೆತ್ತಿಕೊಂಡರೆ ಯಾರೋ ಫಿಲ್ಟರ್ ಒಡೆದು ಹಾಕಿದ್ದಾರೆ ಎಂಬ ಅನುಮಾನ ಪಡಬೇಕು.

ಗಾಡಿ ನೋಡಲು ಹೋದಾಗ

ಹೊರಡುವ ಮುನ್ನ ಮಾರುವವರಿಗೆ ಫೋನಿನಲ್ಲಿ ಒಂದೇ ಮಾತು ಹೇಳಬೇಕು: ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಬೇಕು. ಬಿಸಿಯಿದ್ದರೆ, ಬೆಳಗ್ಗೆ ಸ್ಟಾರ್ಟ್ ಆಗಲು ಹಟ ಮಾಡಿದ್ದನ್ನು ಮುಚ್ಚಿಡಲು ಓಡಿಸಿ ತಂದಿದ್ದಾರೆ ಎಂದೇ ತಿಳಿಯಬೇಕು. ತಣ್ಣಗಿರುವ ಡೀಸೆಲ್ ಎಂಜಿನ್ ಸುಳ್ಳು ಹೇಳುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದರೆ ಇಂಜೆಕ್ಟರ್ ಇರಬಹುದು, ಹೆಡ್ ಗ್ಯಾಸ್ಕೆಟ್ ಇರಬಹುದು. ಕಪ್ಪು ಹೊಗೆಯಾದರೆ ಟರ್ಬೋ ಪೈಪ್ ಸೋರುತ್ತಿರಬಹುದು, ಇಂಜೆಕ್ಟರ್ ಹೆಚ್ಚು ಡೀಸೆಲ್ ಬಿಡುತ್ತಿರಬಹುದು.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅಲ್ಲೇ ಸಡಿಲವಾಗಿ ಬಿಡಬೇಕು. ಅದು ಸುಮ್ಮನೆ ಕೂತರೆ ಸರಿ. ಕುಣಿಯತೊಡಗಿದರೆ, ತೂತಿನಿಂದ ಬುಸುಬುಸು ಹೊಗೆ ಬಂದರೆ, ಅದು ಮೆಕ್ಯಾನಿಕ್‌ಗಳು ಹೇಳುವ ಬ್ಯಾಕ್ ಕಂಪ್ರೆಷನ್. ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚುವ ದಿನ ಹತ್ತಿರ ಬಂದಿದೆ. ಮುಚ್ಚಳದ ಒಳಬದಿಯಲ್ಲಿ ಕೆನೆಯಂಥ ಬಿಳಿ ಜಿಡ್ಡು ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಮಾತು ಮುಂದುವರಿಸದೆ ಎದ್ದು ಬರುವುದು ಒಳ್ಳೆಯದು.

ಮೀಟರ್ ತಿರುಗಿಸುವುದು ಈ ವ್ಯಾಪಾರದ ಹಳೆಯ ಕೈಚಳಕ. ‘ಡಾಕ್ಟರ್ ಓಡಿಸಿದ ಗಾಡಿ ಸರ್, ವಾರಕ್ಕೊಮ್ಮೆ ತೆಗೀತಿದ್ರು ಅಷ್ಟೇ’ ಎಂಬ ಮಾತನ್ನು ಕೇಳದವರಿಲ್ಲ. ಬಾಯಿ ಮಾತಿಗಿಂತ ರಬ್ಬರ್ ಹೆಚ್ಚು ಹೇಳುತ್ತದೆ. 60 ಸಾವಿರ ಓಡಿದ ಕಾರಿನ ಕ್ಲಚ್ ಪೆಡಲ್ ರಬ್ಬರ್ ನುಣ್ಣಗಾಗಿರುವುದಿಲ್ಲ, ಸ್ಟೀರಿಂಗ್ ಹೊಳೆಯುವುದಿಲ್ಲ, ಡ್ರೈವರ್ ಸೀಟಿನ ಬಲ ಅಂಚು ಕುಸಿದಿರುವುದಿಲ್ಲ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಗಾಜುಗಳ ಮೂಲೆಯಲ್ಲೂ ತಯಾರಿಕೆಯ ವರ್ಷದ ಗುರುತು ಇರುತ್ತದೆ. ಎಲ್ಲ ಗಾಜು ಒಂದೇ ವರ್ಷದ್ದಾಗಿದ್ದು ಒಂದು ಮಾತ್ರ ಬೇರೆಯಾಗಿದ್ದರೆ ಆ ಬದಿ ಏನಾಯಿತು ಎಂದು ಕೇಳಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಧಿಕೃತ ಸರ್ವೀಸ್ ಸೆಂಟರಿನ ದಾಖಲೆ. ಯಾವ ದಿನ, ಎಷ್ಟು ಕಿ.ಮೀ.ಗೆ, ಏನು ಕೆಲಸ ಎಲ್ಲವೂ ಅಲ್ಲಿರುತ್ತದೆ. ಮಾಲೀಕರಿಂದಲೇ ಅದನ್ನು ತರಿಸಿಕೊಳ್ಳಬೇಕು. ಪೂರ್ತಿ ದಾಖಲೆಯಿರುವ 1,40,000 ಕಿ.ಮೀ. ಓಡಿದ ಗಾಡಿ, ದಾಖಲೆಯಿಲ್ಲದ 70,000ದ ಗಾಡಿಗಿಂತ ಮೇಲು.

ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡುವುದನ್ನು ಮರೆಯಬಾರದು. ಒಳಗಿನ ಪಟ್ಟಿಯಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೀರಲ್ಲಿ ಮುಳುಗಿ ಎದ್ದದ್ದು. 2015ರಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಲ್ಲಿ ಕಾರುಗಳು ನಿಂತಲ್ಲೇ ಮುಳುಗಿದ್ದವು. ಅಂಥವು ತೊಳೆದು ಪಾಲಿಶ್ ಮಾಡಿಸಿಕೊಂಡು ಬೇರೆ ಊರುಗಳಿಗೆ ಬರುತ್ತವೆ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ, ಸೀಟಿನ ಹಳಿಯ ಕೆಳಗೆ ಒಣ ಕೆಸರು ಹುಡುಕಬೇಕು.

ಓಡಿಸಿ ನೋಡಲು ಹೆದ್ದಾರಿ ಪಕ್ಕದಲ್ಲೇ ಇದೆ. ಮೂರನೇ ಗೇರಿನಲ್ಲಿ ನಿಧಾನ ಓಡುತ್ತಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, 2,000 ಆರ್‌ಪಿಎಂ ಹೊತ್ತಿಗೆ ಟರ್ಬೋ ಹಿಂದಿನಿಂದ ತಳ್ಳಿದಂತಾಗಬೇಕು. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಹಾಗೇ ಹರಿಹರದ ಕಡೆ ಹೋಗಿ ತುಂಗಭದ್ರಾ ಸೇತುವೆಯ ಜಾಯಿಂಟ್‌ಗಳ ಮೇಲೆ ಕಿಟಕಿ ಇಳಿಸಿ, ಹಾಡು ಆಫ್ ಮಾಡಿ ಸಾಗಿದರೆ ಸಸ್ಪೆನ್ಷನ್ ತಾನೇ ಮಾತಾಡುತ್ತದೆ. ನಂತರ ನಂಬಿಕೆಯ ಮೆಕ್ಯಾನಿಕ್‌ಗೆ ಅವರ ಕೂಲಿ ಕೊಟ್ಟು ಗಾಡಿ ಎತ್ತಿಸಿ ಕೆಳಗಿನಿಂದ ನೋಡಿಸುವುದು. ಬ್ರೋಕರ್ ಕರೆತಂದ ಮೆಕ್ಯಾನಿಕ್ ಇದಕ್ಕೆ ಆಗುವುದಿಲ್ಲ.

ಕಾಗದ ಪತ್ರ

ಆರ್‌ಸಿಯಲ್ಲಿ ಮೊದಲು ನೋಡಬೇಕಾದ್ದು ಎಷ್ಟನೇ ಓನರ್, ಸಾಲ ಬಾಕಿ ಇದೆಯೇ, ನೋಂದಣಿ ಎಂದು ಮುಗಿಯುತ್ತದೆ ಎಂಬುದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕವೇ 5,000 ರೂಪಾಯಿಗೆ ಏರಿತು, ಮೇಲೆ ಹಸಿರು ತೆರಿಗೆ. 2011ರ ಗಾಡಿ ಅಗ್ಗವಾಗಿ ಕಾಣುವುದು ಇದಕ್ಕೇ.

ಕೆಎ 17 ಗಾಡಿಯಾದರೆ ದಾವಣಗೆರೆ ಆರ್‌ಟಿಒದಲ್ಲೇ ಕೆಲಸ ಮುಗಿಯುತ್ತದೆ: ಫಾರಂ 29 ಮತ್ತು 30. ಸಾಲ ತೀರಿದ್ದರೆ ಬ್ಯಾಂಕಿನ ಸಹಿಯೊಂದಿಗೆ ಫಾರಂ 35 ಬೇಕು. ಹೊರ ರಾಜ್ಯದ್ದಾದರೆ ಎನ್‌ಒಸಿಯ ಫಾರಂ 28, ಜೊತೆಗೆ ಇಲ್ಲಿನ ಲೈಫ್ ಟ್ಯಾಕ್ಸ್. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿದ ಮೇಲೆ ಅಲ್ಲಿನ ಗಾಡಿಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೂ ಬಂದಿವೆ. ಟ್ಯಾಕ್ಸ್ ಸೇರಿಸಿ ಕೂಡಿದರೆ ಆ ಅಗ್ಗ ಬಹುಪಾಲು ಕರಗುತ್ತದೆ. ಬಾಕಿ ದಂಡಗಳನ್ನು ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಬಹುದು. 2019ರ ಏಪ್ರಿಲ್ 1ಕ್ಕಿಂತ ಹಳೆಯ ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿದ್ದಾರೆಯೇ ಎಂದೂ ನೋಡಬೇಕು.

ಟ್ಯಾಕ್ಸಿಯಾಗಿದ್ದು ವೈಟ್ ಬೋರ್ಡ್ ಆದ ಗಾಡಿಯನ್ನು ಗುರುತಿಸುವುದು ಕಷ್ಟವಲ್ಲ. ಛಾವಣಿ ಅಂಚಿನಲ್ಲಿ ಕ್ಯಾರಿಯರ್ ಕೂತ ಗಾಯ, ಆಕ್ಸಿಲರೇಟರ್ ಬಳಿ ಸ್ಪೀಡ್ ಗವರ್ನರ್ ಕಿತ್ತ ತುಂಡು ವೈರು.

ಬೆಲೆ ಕುದುರಿಸುವಾಗ ಇಡೀ ಬಜೆಟ್ಟನ್ನು ಗಾಡಿಗೇ ಸುರಿಯಬಾರದು. 40ರಿಂದ 50 ಸಾವಿರ ತೆಗೆದಿಟ್ಟು ಕೊಂಡ ವಾರದಲ್ಲೇ ಎಂಜಿನ್ ಆಯಿಲ್, ಡೀಸೆಲ್ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ, ಬ್ಯಾಟರಿ, ಟೈರು ನೋಡಿಕೊಂಡರೆ ನಡುರಾತ್ರಿ ಹೆಬ್ಬಾಳು ಟೋಲ್ ಬಳಿ ಟೋಯಿಂಗ್ ಗಾಡಿಗೆ ಕಾಯುವುದು ತಪ್ಪುತ್ತದೆ.

ಕೈಗೆ ಕೀ ಬಂದ ದಿನವೇ, ಗಂಟೆ ಸಮೇತ ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಮಾಡಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಟ್ರಾನ್ಸ್‌ಫರ್ ಬೇಗ ಆಗುವುದು ಮಾರಿದವರಿಗೂ ಬೇಕಾದದ್ದೇ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ. ಇನ್ನು ಹಣದ ಮಾತು: ಟ್ರಾನ್ಸ್‌ಫರ್ ಅರ್ಜಿಯ ರಸೀದಿ ಕೈಗೆ ಸಿಗುವ ತನಕ ಕೊನೆಯ 20 ಸಾವಿರ ರೂಪಾಯಿ ಕೊಡಬೇಡಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಬೇರೆ ಗಾಡಿ ನೋಡಿ.